ಹದಿನೇಳನೇ ನಂಬರಿನ ಮಣ್ಣು

ಜರಡಿ ಮಾಮ ಹೊಸಬರಿಗೆ ಮೊದಲು ಕಲಿಸುತ್ತಿದ್ದ ಕೆಲಸವೆಂದರೆ ಗಿಡಕ್ಕೆ ನೀರು ನಿಲ್ಲಿಸುವುದು.

ನಮ್ಮ ಕಾಲೇಜಿನ ಹಿಂಭಾಗದಲ್ಲಿ, ಮಣ್ಣಿನ ವಿಭಾಗಕ್ಕೆ ಅಂಟಿಕೊಂಡಂತೆ, ಬಲೆ ಹೊದಿಸಿದ ಒಂದು ಶೆಡ್ಡು ಇದೆ. ಒಳಗೆ ಸಿಮೆಂಟಿನ ಕಟ್ಟೆಗಳ ಮೇಲೆ ಕುಂಡಗಳ ಸಾಲು, ಪ್ರತಿ ಕುಂಡದಲ್ಲಿ ಮೂರು ಮೆಕ್ಕೆಜೋಳದ ಗಿಡ. ನೋಡಿದವರು ಜೋಳ ಬೆಳೆಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅಲ್ಲಿ ನಿಜವಾಗಿ ಬೆಳೆಯುವುದು ಬೇರಿನೊಳಗಿನ ಶಿಲೀಂಧ್ರ. ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳಾಗಿ ಅದು ಬೇರಿನ ಒಳಗೆ ಸೇರಿಕೊಂಡು, ಅಲ್ಲಿಂದ ಹೊರಗೆ ಮಣ್ಣಿಗೆ ಕೈ ಚಾಚಿ, ಬೇರು ತಲುಪಲಾರದ ಕಡೆಯಿಂದ ರಂಜಕವನ್ನೂ ನೀರನ್ನೂ ತಂದುಕೊಡುತ್ತದೆ. ಗಿಡ ತಾನು ಬಿಸಿಲಲ್ಲಿ ಮಾಡಿಕೊಂಡ ಸಕ್ಕರೆಯಲ್ಲಿ ಒಂದು ಪಾಲನ್ನು ಅದಕ್ಕೆ ಕೊಡುತ್ತದೆ. ನಾಲ್ಕು ತಿಂಗಳು ಹೀಗೆ ನಡೆದ ಮೇಲೆ ನೀರು ನಿಲ್ಲಿಸಬೇಕು. ಗಿಡ ಒಣಗತೊಡಗಿದಾಗ, ಬೇರಿನೊಳಗೆ ಇದ್ದದ್ದು ಮನೆ ಖಾಲಿ ಮಾಡುವ ಹೊತ್ತು ಬಂತೆಂದು ತಿಳಿದು, ಮಣ್ಣಿನ ತುಂಬ ಬೀಜಕಗಳನ್ನು ಬಿಡುತ್ತದೆ. ಬೀಜಕ ತುಂಬಿದ ಆ ಮಣ್ಣನ್ನು ನಾವು ತಾಯಿ ಮಣ್ಣು ಅನ್ನುತ್ತೇವೆ. ಮುಂದಿನ ಕುಂಡಗಳಿಗೆ, ಆಮೇಲೆ ರೈತರಿಗೆ ಕೊಡುವ ಚೀಲಗಳಿಗೆ ಅದೇ ಹೆಪ್ಪು.

ತಲೆ ಬಾಗಿಸಿ ಒಣಗಿದ ಗಿಡಗಳನ್ನು ಕಂಡ ಹೊಸ ವಿದ್ಯಾರ್ಥಿಗಳು ಗಾಬರಿಯಾಗಿ ನೀರಿನ ಕ್ಯಾನು ಹುಡುಕುತ್ತಿದ್ದರು. ನಾನೂ ಹುಡುಕಿದ್ದೆ.

"ಕೆಳಗಿಡಮ್ಮಾ ಆ ಕ್ಯಾನು," ಅಂದರು ಜರಡಿ ಮಾಮ, ಕೆಲಸದಿಂದ ತಲೆಯೆತ್ತದೆ. "ಸತ್ತಿಲ್ಲ, ಒಣಗಿದೆ ಅಷ್ಟೆ."

"ನೋಡಕ್ಕೆ ಪಾಪ ಅನ್ಸುತ್ತೆ ಮಾಮ."

"ಅನ್ಸ್ಲಿ. ಅನ್ಸಿದ್ರೂ ಹಾಕ್ಬಾರ್ದು. ಹಾಕೋ ಕೆಲ್ಸ ಮಳೆ ಮಾಡುತ್ತೆ, ಹಾಕ್ದೇ ಇರೋ ಕೆಲ್ಸಕ್ಕೆ ಮನುಷ್ಯ ಬೇಕು. ಅದಕ್ಕೇ ನನ್ನನ್ನ ಇಟ್ಕೊಂಡಿರೋದು."

ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿತ್ತು. ಸಹಿ ಹಾಕುವಾಗ ಬಿಟ್ಟರೆ ಆ ಹೆಸರಿಗೆ ಕೆಲಸವಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಮರಳು ಹೊರುವ ಕೂಲಿಯಾಗಿ ಬಂದವರು, ಏಳನೇ ಕ್ಲಾಸಿಗೆ ಓದು ಬಿಟ್ಟವರು, ಜರಡಿ ಹಿಡಿದ ಮೇಲೆ ಅಲ್ಲೇ ಉಳಿದರು. ಒಂದರ ಕೆಳಗೆ ಒಂದರಂತೆ ನಾಲ್ಕು ಜರಡಿ. ಮಣ್ಣನ್ನು ನೀರಲ್ಲಿ ಕಲಕಿ ಮೇಲಿನದಕ್ಕೆ ಸುರಿದರೆ ಕಡ್ಡಿ ಕಸ ಮೇಲೆ ನಿಂತು, ಮರಳು ನಡುವೆ ನಿಂತು, ಬೀಜಕಗಳು ಕಟ್ಟಕಡೆಯ ಜರಡಿಗೆ ಬರುತ್ತವೆ. ನಾವು ಸುರಿದರೆ ಮಣ್ಣೆಲ್ಲ ಸಿಂಕಿಗೆ, ಬೀಜಕವೆಲ್ಲ ಮೋರಿಗೆ. ಅವರು ಮಣಿಕಟ್ಟನ್ನು ಸ್ವಲ್ಪವೇ ತಿರುಗಿಸಿ, ನಿದ್ದೆಯಲ್ಲಿರುವ ಮಗುವಿನ ತಲೆಗೆ ನೀರು ಹೊಯ್ಯುವ ಹಾಗೆ ಹೊಯ್ಯುತ್ತಿದ್ದರು. ಸೂಕ್ಷ್ಮದರ್ಶಕದ ಕೆಳಗೆ ಬೀಜಕಗಳು ಕಾಣುತ್ತವೆ, ಜೇನುಬಣ್ಣದ ಗುಂಡು ಮಣಿಗಳ ಹಾಗೆ, ಒಳಗೆ ಎಣ್ಣೆಯ ಒಂದು ಹೊಳಪು. ಜೀವ ಇದ್ದರೆ ಮಾತ್ರ ಆ ಹೊಳಪು.

ಈ ಕೆಲಸದ ಬಗ್ಗೆ ಅವರ ಹೆಂಡತಿಗೆ ಒಂದು ನಗೆಮಾತಿತ್ತಂತೆ. "ನಾನು ಟೀ ಸೋಸ್ತೀನಿ, ನೀವು ಮಣ್ಣು ಸೋಸ್ತೀರಿ. ಕುಡಿಯೋಕೆ ಆಗೋದು ನನ್ನದೇ."

ಆ ಹೆಂಗಸನ್ನು ನಾನು ನೋಡಿಲ್ಲ. ಅವರ ಮಣ್ಣನ್ನು ಮಾತ್ರ ನೋಡಿದ್ದೇನೆ.

ಆಗ ಅವರ ಸಂಸಾರ ಇದ್ದದ್ದು ಕಾಲೇಜಿನ ಸಿಬ್ಬಂದಿ ಮನೆಗಳ ಸಾಲಿನ ಕೊನೆಯ ಮನೆಯಲ್ಲಿ. ಹಿಂದೆ ಎರಡು ಮಂಚದಗಲದ ಜಾಗ. ಅಲ್ಲಿ ಹುರುಳಿಕಾಯಿ, ಬದನೆ, ಬೇಲಿಗೆ ಒಂದು ಕುಂಬಳದ ಬಳ್ಳಿ. ಬೆಳೆ ಮುಗಿದ ಮೇಲೆ ಅಕ್ಕಪಕ್ಕದವರು ಒಣ ಬಳ್ಳಿಗಳನ್ನು ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಜರಡಿ ಮಾಮನ ಹೆಂಡತಿ ಇಡುತ್ತಿರಲಿಲ್ಲ. ಬಳ್ಳಿಯನ್ನು ಮೊಳದುದ್ದಕ್ಕೆ ಕತ್ತರಿಸಿ ನೆಲದ ಮೇಲೇ ಹಾಸಿ, ಹಳೆಯ ಗುಡ್ಡೆಯಿಂದ ಒಂದು ಬೊಗಸೆ ಪುಡಿ ತಂದು ಉದುರಿಸಿ, ಪಾತ್ರೆ ತೊಳೆದ ನೀರನ್ನು ಚಿಮುಕಿಸುತ್ತಿದ್ದರು. ವಾರದಲ್ಲಿ ಅದರ ಮೇಲೆ ಬಿಳಿ ನೂಲಿನಂತೆ ಬೂಷ್ಟು ಹರಡುತ್ತಿತ್ತು. ಎರಡು ತಿಂಗಳಿಗೆ ಬಳ್ಳಿ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು, ವಾಸನೆ ಮಳೆ ಬಿದ್ದ ನೆಲದ್ದು.

"ಸುಟ್ಟುಬಿಡಿ ಅತ್ಲಾಗೆ, ಹಾವು ಸೇರ್ಕೊಳ್ಳುತ್ತೆ," ಎಂದು ಪಕ್ಕದ ಮನೆಯಾಕೆ ಹೇಳಿದರೆ, "ನೀವು ಸುಟ್ರಲ್ಲ, ಏನು ಬಂತು, ಕಣ್ಣುರಿ ಬಂತು," ಅನ್ನುತ್ತಿದ್ದರಂತೆ.

ಸತ್ತ ಬಳ್ಳಿಯನ್ನು ತಿಂದು ಮಣ್ಣು ಮಾಡುವ ಬೂಷ್ಟು ಬೇರೆ, ಜೀವಂತ ಬೇರಿನೊಳಗೆ ಬಾಳುವ ಶಿಲೀಂಧ್ರ ಬೇರೆ. ಆದರೆ ಬೆಂಕಿ ಕಾಣದ ನೆಲದಲ್ಲಿ, ಅಗೆತ ಕಡಿಮೆ ಇರುವ ನೆಲದಲ್ಲಿ, ಎರಡೂ ನೆಮ್ಮದಿಯಾಗಿರುತ್ತವೆ. ಒಂದು ದಿನ ಜರಡಿ ಮಾಮ ಏನೋ ತಮಾಷೆಗೆ ಹೆಂಡತಿಯ ಹುರುಳಿಕಾಯಿ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ಊಟದ ಡಬ್ಬಿಯಲ್ಲಿ ತಂದು ಸೋಸಿದರು. ಕಾಲೇಜಿನ ಹೊಲದ ಮಣ್ಣಿನಲ್ಲಿ ಅಷ್ಟಕ್ಕೆ ಮೂವತ್ತು ಬೀಜಕ ಸಿಕ್ಕರೆ ಹೆಚ್ಚು. ಅದರಲ್ಲಿ ಇನ್ನೂರ ಹತ್ತು ಇದ್ದವು. ವಿಭಾಗದ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುವವರು, ಎರಡು ಸಲ ಎಣಿಸಿದರು.

"ಯಾವ ಹೊಲದ್ದು ಇದು?"

"ನಮ್ಮ ಮನೆಯವಳದ್ದು ಮೇಡಂ."

ಮರುದಿನ ಮೇಡಂ ಆ ಹಿತ್ತಲಿಗೆ ಹೋಗಿ ನೋಡಿಬಂದರಂತೆ. ಹೆಂಡತಿ ಕುರ್ಚಿ ತಂದಿಟ್ಟು, ಏನು ತಪ್ಪಾಯಿತೋ ಎಂದು ಬಾಗಿಲಲ್ಲೇ ನಿಂತಿದ್ದರಂತೆ.

ಅದಾದ ಮೂರನೇ ವರ್ಷ ಆಕೆ ಹೊಟ್ಟೆನೋವೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದರು. ಹನ್ನೊಂದನೇ ದಿನ ಶವದ ಗಾಡಿಯಲ್ಲಿ ಮನೆಗೆ ಬಂದರು. ವರ್ಷ ತುಂಬುವುದರೊಳಗೆ ಆ ಮನೆಗಳ ಸಾಲನ್ನು ಕೆಡವಿ ಹಾಸ್ಟೆಲಿನ ವಾಹನಗಳಿಗೆ ನಿಲ್ದಾಣ ಮಾಡಿದರು. ನೆಲ ಮಟ್ಟ ಮಾಡುವ ಯಂತ್ರ ಬರುವ ಹಿಂದಿನ ಸಂಜೆ ಜರಡಿ ಮಾಮ ಒಂದು ಬಕೆಟ್ಟು ಮಣ್ಣು ತೆಗೆದುಕೊಂಡು ಬಂದು ಮೇಡಂ ಮುಂದೆ ನಿಂತರು. ಶೆಡ್ಡಿನಲ್ಲಿ ಆಗ ಹದಿನಾರು ಬಗೆಯ ಶಿಲೀಂಧ್ರಗಳಿದ್ದವು, ಎಲ್ಲಕ್ಕೂ ಕಾಗದಪತ್ರವಿತ್ತು. ಇದಕ್ಕೆ ಇರಲಿಲ್ಲ. ಮೇಡಂ ಬಕೆಟ್ಟನ್ನು ನೋಡಿ, "ಮೂರೇ ಕುಂಡ. ಮೂಲೆಯಲ್ಲಿ," ಅಂದರು. ಜರಡಿ ಮಾಮ ಮರದ ಚೂರಿನ ಮೇಲೆ ಹದಿನೇಳು ಎಂದು ಬರೆದು ಸಿಕ್ಕಿಸಿದರು.

ಹನ್ನೊಂದು ವರ್ಷ. ವರ್ಷಕ್ಕೆರಡು ಸಲ ಹಳೆಯ ಮೂರು ಕುಂಡಗಳಿಂದ ಹೊಸ ಮೂರಕ್ಕೆ. ಉಳಿದ ಹದಿನಾರನ್ನು ನಮ್ಮ ಕೈಗೂ ಕೊಡುತ್ತಿದ್ದರು. ಹದಿನೇಳನ್ನು ಅವರೇ ಮಾಡುತ್ತಿದ್ದರು. ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಾಗ ಮಾತ್ರ ಅದರಿಂದ ಎರಡು ಹಿಡಿ ಮಣ್ಣು ಹೊರಗೆ ಹೋಗಿತ್ತು, ಒಂದು ನಿಂಬೆ ಸಸಿಯ ಬುಡಕ್ಕೆ.

ನಾನು ಅಲ್ಲಿ ಓದುತ್ತಿದ್ದ ಎರಡನೇ ವರ್ಷ ಅವರ ನಿವೃತ್ತಿಗೆ ಆರು ತಿಂಗಳು ಉಳಿದಿತ್ತು. ಅಷ್ಟು ಹೊತ್ತಿಗೆ ಕೆಲವು ಸಣ್ಣ ಸಂಗತಿಗಳಾಗಿದ್ದವು. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು. ಒಂದೇ ಪ್ರಶ್ನೆಯನ್ನು ಬೆಳಿಗ್ಗೆ ಎರಡು ಸಲ ಕೇಳಿದರು. ನನ್ನನ್ನು ಒಮ್ಮೆ ಪುಟ್ಟಿ ಎಂದು ಕರೆದರು, ಅದು ಅವರ ಮಗಳ ಮುದ್ದಿನ ಹೆಸರು. ನಾವು ನಕ್ಕೆವು. ಅವರೂ ನಕ್ಕರು.

ಕುಂಡ ಬದಲಿಸುವ ದಿನದ ಕೆಲಸ ಹೀಗೆ. ಹೊಸ ಕುಂಡಕ್ಕೆ ಬೇಕಾದ ಮರಳು ಮಣ್ಣನ್ನು ಅಗಲವಾದ ತಟ್ಟೆಗಳಿಗೆ ತುಂಬಿ, ಕಂದು ಕಾಗದ ಕಟ್ಟಿ, ಶೆಡ್ಡಿನ ಪಕ್ಕದ ಕೋಣೆಯಲ್ಲಿದ್ದ, ದೊಡ್ಡ ಕುಕ್ಕರ್ ಎಂದು ನಾವು ಕರೆಯುತ್ತಿದ್ದ ಯಂತ್ರದಲ್ಲಿಟ್ಟು ಹಬೆಯಲ್ಲಿ ಬೇಯಿಸಬೇಕು. ಅದರಲ್ಲಿ ಬೇರೆ ಯಾವ ಜೀವವೂ ಉಳಿಯಬಾರದು. ತಾಯಿ ಮಣ್ಣನ್ನು, ಕತ್ತರಿಸಿದ ಬೇರುಗಳ ಸಮೇತ, ಅಂಥದೇ ತಟ್ಟೆಯಲ್ಲಿ ಅಂಥದೇ ಕಾಗದ ಮುಚ್ಚಿ ಹೊರಗಿಡಬೇಕು. ಗುರುತಿಗೆ ಜರಡಿ ಮಾಮ ಅದರ ಮೇಲೆ ಒಂದು ಅರ್ಧ ಇಟ್ಟಿಗೆ ಇಡುತ್ತಿದ್ದರು. ಇಟ್ಟಿಗೆ ಇರುವುದನ್ನು ಮುಟ್ಟಬಾರದು. ಆ ಕೋಣೆಯಲ್ಲಿ ಎಲ್ಲಕ್ಕಿಂತ ಹಳೆಯ ನಿಯಮ ಅದೇ.

ಉಳಿದ ಹದಿನಾರೂ ಮುಗಿದು ಹದಿನೇಳರ ಸರದಿ ಬಂದ ದಿನ ಮಧ್ಯಾಹ್ನ ನಾನು ಒಳಗೆ ಬಂದಾಗ ಕುಕ್ಕರ್ ಹಬೆ ಬಿಡುತ್ತಿತ್ತು. ಕೋಣೆಯ ತುಂಬ ಒಳ್ಳೆಯ ವಾಸನೆ.

"ಏನ್ ಮಾಮ, ಜೋಳ ಬೇಯಿಸ್ತಿದ್ದೀರಾ? ನಮಗಿಲ್ವಾ?"

"ನಿಂಗೆ ಯಾವಾಗ್ಲೂ ತಿನ್ನೋ ಧ್ಯಾನ," ಎಂದು ನಕ್ಕರು. ನಾನೂ ನಗುತ್ತ ಬ್ಯಾಗು ಇಟ್ಟು ಪಾಠಕ್ಕೆ ಹೋದೆ.

ಮರುದಿನ ಅವರು ತಟ್ಟೆಗಳನ್ನೆಲ್ಲ ಬಿಚ್ಚಿ, ಬೇರಿನ ಚೂರುಗಳಿದ್ದ ತಟ್ಟೆಯನ್ನು ತಾಯಿ ಮಣ್ಣೆಂದು ಗುರುತಿಸಿ, ಹೊಸ ಕುಂಡಗಳ ಮಧ್ಯೆ ಎರಡೆರಡು ಹಿಡಿ ಹಾಕಿ, ಮೇಲೆ ಬೀಜ ಊರಿ, ಹದಿನೇಳರ ಮರದ ಚೂರನ್ನು ಸಿಕ್ಕಿಸಿದರು.

ಐದು ವಾರಕ್ಕೆ ಹದಿನಾರು ಬಗೆಯ ಕುಂಡಗಳಲ್ಲೂ ಜೋಳ ಮೊಣಕಾಲು ದಾಟಿತ್ತು. ಮೂಲೆಯ ಮೂರು ಕುಂಡಗಳಲ್ಲಿ ಗಿಡ ಗೇಣು ಮೇಲೇಳಲಿಲ್ಲ. ಎಲೆಯ ಅಂಚು ನೇರಳೆಗೆ ತಿರುಗಿತು, ಆಮೇಲೆ ಇಡೀ ಎಲೆ. ರಂಜಕ ಸಿಗದೆ ಹಸಿದ ಜೋಳದ ಬಣ್ಣ ಅದು. ನಮಗೆ ಅದನ್ನು ಕಲಿಸಿದವರು ಅವರೇ.

"ಚಳಿಗಿರ್ಬೇಕು," ಅಂದರು.

"ಇರ್ಬೋದು ಮಾಮ," ಅಂದೆ. ಚಳಿ ಪಕ್ಕದ ಕುಂಡಗಳಿಗೂ ಇತ್ತು.

ಎರಡು ದಿನ ಅವರು ಆ ಮೂಲೆಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದು ಕುಂಡದಿಂದ ಚಮಚದಷ್ಟು ಮಣ್ಣು ತೆಗೆದು ಸೋಸಿದರು. ಕೈ ಎಂದಿನಂತೆಯೇ ಸ್ಥಿರವಾಗಿತ್ತು. ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, ಎದ್ದು ನನಗೆ ಜಾಗ ಬಿಟ್ಟರು. ಬೀಜಕಗಳು ಇದ್ದವು. ಕಂದಿದ್ದವು, ಚಪ್ಪಟೆಯಾಗಿದ್ದವು, ಹಿಂಡಿ ಬಿಟ್ಟ ದ್ರಾಕ್ಷಿಯ ಸಿಪ್ಪೆಗಳ ಹಾಗೆ. ಒಂದರಲ್ಲೂ ಹೊಳಪಿರಲಿಲ್ಲ.

"ಬೆಂದಿವೆ," ಅಂದರು.

ನಾನು ಫೋಕಸ್ ತಿರುಗಿಸಿ ಮತ್ತೊಮ್ಮೆ ನೋಡಿದೆ.

"ಅವತ್ತು ನೀನು ಜೋಳದ ವಾಸನೆ ಅಂದಿದ್ದೆ, ಅಲ್ವಾ."

"ಹೂಂ ಮಾಮ."

ಅವರು ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಅರ್ಧ ಇಟ್ಟಿಗೆ ಕಿಟಕಿಯ ಕಟ್ಟೆಯ ಮೇಲೆ, ಟೀ ಲೋಟದ ಪಕ್ಕದಲ್ಲಿ ಕೂತಿತ್ತು. ಐದು ವಾರದಿಂದ ಅಲ್ಲೇ ಇತ್ತೇನೋ. ಹಳೆಯ ಮೂರೂ ಕುಂಡಗಳ ಮಣ್ಣು ಆ ಒಂದೇ ತಟ್ಟೆಯಲ್ಲಿತ್ತು, ಬೇರೆಲ್ಲೂ ಉಳಿದಿರಲಿಲ್ಲ. ಬರಿ ಮರಳಲ್ಲಿ ಬೇರಿರುವುದಿಲ್ಲ, ಬೆಂದರೆ ಜೋಳದ ವಾಸನೆ ಬರುವುದಿಲ್ಲ. ಆ ವಾಸನೆ ಏನೆಂದು ನಾನು ಒಂದು ಕ್ಷಣ ನಿಂತು ಯೋಚಿಸಿದ್ದರೆ ತಿಳಿಯುತ್ತಿತ್ತು. ಆದರೆ ಕುಕ್ಕರ್ ಆಗಲೇ ಹಬೆ ಬಿಡುತ್ತಿತ್ತು, ತಿಳಿದಿದ್ದರೂ ತಡವಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಈಗಲೂ ಹೇಳಿಕೊಳ್ಳುತ್ತೇನೆ.

ಮೇಡಂ ಬಯ್ಯಲಿಲ್ಲ. "ಒಂದು ಚೀಲ ಫ್ರಿಜ್ಜಲ್ಲಿ ಇಟ್ಕೊಳಿ ಅಂತ ಎಷ್ಟ್ ಸಲ ಹೇಳಿದ್ದೆ ನಿಮಗೆ," ಎಂದಷ್ಟೇ ಅಂದರು.

"ಇಟ್ಟಿದ್ದೆ ಮೇಡಂ. ಹೋದ್ವರ್ಷ ಬೇಸಿಗೇಲಿ ಫ್ರಿಜ್ಜು ಕೆಟ್ಟಾಗ ಹದಿನಾರು ಚೀಲನೂ ಐಸಿನ ಡಬ್ಬಕ್ಕೆ ಹಾಕ್ದೆ. ಹದಿನೇಳಕ್ಕೆ ಜಾಗ ಆಗ್ಲಿಲ್ಲ. ಕುಂಡದಲ್ಲಿ ಹೇಗೂ ಇದ್ಯಲ್ಲ ಅನ್ಕೊಂಡೆ," ಅಂದರು.

ಮೇಡಂ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?"

ಹಾಸ್ಟೆಲಿನ ವಾಹನ ನಿಲ್ದಾಣದಲ್ಲಿ ಸಿಮೆಂಟು ಬಿರಿದ ಕಡೆ ಹುಲ್ಲಿತ್ತು, ಆದರೆ ಅದರಡಿಯ ಮಣ್ಣು ಎಲ್ಲಿಂದಲೋ ಲಾರಿಯಲ್ಲಿ ತಂದು ಸುರಿದದ್ದು. ಉಳಿದದ್ದು ನಿಂಬೆ ಗಿಡ.

ಭಾನುವಾರ ನಾವಿಬ್ಬರೂ ಬಸ್ಸು ಹತ್ತಿ ಮಗಳ ಮನೆಗೆ ಹೋದೆವು. ಏನಾಗಿದೆ ಎಂದು ಮಗಳಿಗೆ ಹೇಳಬೇಡ ಎಂದು ದಾರಿಯಲ್ಲಿ ಎರಡು ಸಲ ಹೇಳಿದರು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಹೊರಗೆ ಹೋಗಿದ್ದ. ಎರಡನೇ ಮಹಡಿಯ ಮನೆ, ಅದರ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ, ತೊಟ್ಟಿಯಲ್ಲಿ ನಿಂಬೆ. ಅಷ್ಟು ಹಸಿರಾದ ನಿಂಬೆ ಗಿಡವನ್ನು ನಾನು ನೋಡಿರಲಿಲ್ಲ. ಎಲೆಗಳು ಎಣ್ಣೆ ಹಚ್ಚಿದಂತಿದ್ದವು.

"ಏನಪ್ಪಾ, ಅಳಿಯ ಇಲ್ಲದಿದ್ದಾಗ ಗಿಡ ನೋಡೋಕೆ ಬಂದ್ರಾ?"

"ಅಳಿಯನ್ನ ನೋಡಿ ಏನ್ ಮಾಡ್ಲಿ, ಅವನು ಕಾಯಿ ಬಿಡ್ತಾನಾ."

ಆಕೆ ಜೋರಾಗಿ ನಕ್ಕಳು. ಅಪ್ಪನ ಅಂಗಿಯ ಕಾಲರ್ ಸರಿ ಮಾಡಿದಳು. "ಈ ಸಲ ನಲವತ್ತು ಕಾಯಿ, ಎಣಿಸಿದೀನಿ. ಪಕ್ಕದ ಮನೆಯವರು ಕೇಳ್ತಾರೆ, ಏನು ಗುಟ್ಟು ಅಂತ."

"ಏನಂತೀಯ?"

"ಅಮ್ಮನ ಮಣ್ಣು ಅಂತೀನಿ." ಆಮೇಲೆ ಗೋಡೆಯ ಮರೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬವನ್ನು ಕಾಲಿನಿಂದ ತೋರಿಸಿ, "ಅದರ ಜೊತೆ ಇದೂ ಇದೆ ಅನ್ನಿ. ವಾರಕ್ಕೆ ಎರಡು ಚಮಚ, ಒಂದು ವಾರನೂ ತಪ್ಪಿಸಿಲ್ಲ. ಅಮ್ಮ ಯಾರನ್ನಾದ್ರೂ ಹಸಿದು ಕೂರಕ್ಕೆ ಬಿಡ್ತಿದ್ಲಾ? ಅವಳ ಗಿಡ ಹಸಿದಿರಬಾರದು," ಅಂದಳು.

ಡಬ್ಬದ ತುಂಬ ಗೊಬ್ಬರದ ಕಾಳುಗಳಿದ್ದವು. ಜರಡಿ ಮಾಮ ಒಂದು ಕಾಳನ್ನು ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿ ಡಬ್ಬಕ್ಕೇ ಹಾಕಿದರು. ಅವರಿಗೆ ಅಲ್ಲೇ ಗೊತ್ತಾಯಿತು ಎಂದು ನನಗೆ ಅನ್ನಿಸುತ್ತದೆ. ಕೂತಲ್ಲಿಗೇ ರಂಜಕ ತಂದು ಸುರಿದರೆ ಗಿಡ ಬೇರಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಕ್ಕರೆ ಕೊಟ್ಟು ಸಾಕಬೇಕಾದ ಜೊತೆಗಾರ ಅದಕ್ಕೆ ಬೇಕಾಗುವುದಿಲ್ಲ. ಆದರೂ ಮೊಣಕಾಲೂರಿ ಕೂತು, ತೊಟ್ಟಿಯ ನಾಲ್ಕು ಕಡೆಯಿಂದ ಚಮಚದಲ್ಲಿ ಕೆದಕಿ, ಸಣ್ಣ ಬೇರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು.

"ಬೇರು ಯಾಕಪ್ಪಾ?"

"ಈ ಹುಡುಗಿ ಪರೀಕ್ಷೆಗೆ."

ಹೊರಡುವಾಗ ಆಕೆ ನನಗೊಂದು ಚೀಲ ನಿಂಬೆಹಣ್ಣು ಕೊಟ್ಟಳು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತಿದ್ದರು. ಮಡಿಲಲ್ಲಿ ಒದ್ದೆ ಬಟ್ಟೆಯ ಗಂಟು.

ಸೋಮವಾರ ಬೇರುಗಳನ್ನು ಕ್ಷಾರದಲ್ಲಿ ಕಾಯಿಸಿ, ತೊಳೆದು, ನೀಲಿ ಬಣ್ಣದಲ್ಲಿ ನೆನೆಸಿದೆ. ಶಿಲೀಂಧ್ರವಿದ್ದರೆ ಬೇರಿನೊಳಗೆ ನೀಲಿ ಎಳೆಗಳು, ಎಳೆಗಳ ನಡುವೆ ನೀಲಿ ಗುಳ್ಳೆಗಳು ಕಾಣುತ್ತವೆ, ಬೇರಿಗೆ ಯಾರೋ ಕಸೂತಿ ಹಾಕಿದ ಹಾಗೆ. ಬೆರಳಗಲದ ನೂರು ಚೂರು ಮಾಡಿ ಒಂದೊಂದಾಗಿ ನೋಡಿದೆ. ಜರಡಿ ಮಾಮ ಪಕ್ಕದ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದರು. ನೂರೂ ಬೆಳ್ಳಗಿದ್ದವು. ಒಗೆದು ಹರವಿದಂತೆ, ಗೆರೆಯೊಂದೂ ಇಲ್ಲದೆ.

"ನೂರರಲ್ಲಿ?"

"ಇಲ್ಲ ಮಾಮ."

"ಇನ್ನೊಂದ್ಸಲ ನೋಡು. ಬೆಳಕು ಕಮ್ಮಿ ಮಾಡ್ಕೊಂಡು."

ಬೆಳಕು ಕಡಿಮೆ ಮಾಡಿ ಮತ್ತೆ ನೂರನ್ನೂ ನೋಡಿದೆ. ಅರವತ್ತನೆಯದನ್ನು ನೋಡುತ್ತಿದ್ದಾಗ ಅವರ ಫೋನು ಹೊಡೆಯಿತು. ಕೋಣೆ ನಿಶ್ಶಬ್ದವಾಗಿದ್ದರಿಂದ ಮಗಳ ಮಾತು ನನಗೂ ಕೇಳುತ್ತಿತ್ತು.

"ಅಪ್ಪಾ, ರಾತ್ರಿಯೆಲ್ಲ ಯೋಚ್ನೆ ಬಂತು. ಬೇರು ಯಾಕೆ ತಗೊಂಡ್ರಿ? ಗಿಡಕ್ಕೇನಾದ್ರೂ ಆಗಿದ್ಯಾ?"

"ಏನಾಗುತ್ತೆ. ಗಟ್ಟಿಯಾಗಿದೆ."

"ಅಮ್ಮನ ಮಣ್ಣಿಂದು ಅದರೊಳಗೆ ಇನ್ನೂ ಇದ್ಯಾ?"

ಅವರು ನನ್ನ ಕಡೆ ನೋಡಲಿಲ್ಲ. "ಇದೆ ಪುಟ್ಟಿ. ಚೆನ್ನಾಗಿದೆ."

ಫೋನನ್ನು ಜೇಬಿಗೆ ಹಾಕಿ, ಜೇಬಿನ ಮೇಲೊಮ್ಮೆ ಕೈ ಇಟ್ಟು ನೋಡಿಕೊಂಡರು. ನಾನು ಉಳಿದ ನಲವತ್ತು ಚೂರುಗಳನ್ನೂ ನೋಡಿ ಮುಗಿಸಿದೆ. ಅವುಗಳಲ್ಲೂ ಗೆರೆಯಿರಲಿಲ್ಲ.

ಮೂಲೆಯ ಕುಂಡಗಳನ್ನು ಖಾಲಿ ಮಾಡಿ ಎಂದು ಮೇಡಂ ಹೇಳಲಿಲ್ಲ. ನಮಗಾರಿಗೂ ಹೇಳುವ ಧೈರ್ಯವಿರಲಿಲ್ಲ. ಒಂಬತ್ತು ನೇರಳೆ ಗಿಡಗಳು ಗೇಣುದ್ದ ನಿಂತಲ್ಲೇ ನಿಂತಿದ್ದವು. ಸಾಯುತ್ತಲೂ ಇರಲಿಲ್ಲ. ಜರಡಿ ಮಾಮ ದಿನವೂ ಅಳತೆಯ ನೀರು ಹಾಕುತ್ತಿದ್ದರು. ಈಗ ಇಟ್ಟಿಗೆ ಇಡುವ ಕೆಲಸವನ್ನು ನಮ್ಮಲ್ಲೊಬ್ಬರು ಮಾಡುತ್ತಿದ್ದರು. ಅದನ್ನು ಅವರು ಕಂಡೂ ಕಾಣದಂತಿದ್ದರು.

ಆ ಶೆಡ್ಡಿಗೆ ಗೊಬ್ಬರ ತರುವಂತಿರಲಿಲ್ಲ. ಗೊಬ್ಬರದ ಚೀಲ ಮುಟ್ಟಿ ಬಂದ ಟ್ರ್ಯಾಕ್ಟರ್ ಡ್ರೈವರನ್ನು ಒಮ್ಮೆ ಕೈ ತೊಳೆದು ಬಾ ಎಂದು ಹೊರಗೆ ಅಟ್ಟಿದ್ದರು ಅವರು. "ನಾನೇನು ಹೆರಿಗೆ ವಾರ್ಡಿಗೆ ಬಂದ್ನಾ," ಎಂದು ಡ್ರೈವರ್ ಗೊಣಗುತ್ತ ನಲ್ಲಿಗೆ ಹೋಗಿದ್ದ.

ಒಂದು ಬೆಳಿಗ್ಗೆ ನಾನು ಒಳಗೆ ಹೋದಾಗ ಅವರು ಮೂಲೆಯಲ್ಲಿ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ಕಾಗದದ ಪೊಟ್ಟಣ, ಬಲಗೈಯಲ್ಲಿ ಚಮಚ. ಮೂರೂ ಕುಂಡಗಳ ಅಂಚಿಗೆ ಗೊಬ್ಬರದ ಕಾಳುಗಳನ್ನು ಸುತ್ತ ಉದುರಿಸಿ, ಬೆರಳಿನಿಂದ ಮಣ್ಣು ಮುಚ್ಚುತ್ತಿದ್ದರು. ನನ್ನ ಚಪ್ಪಲಿ ಸದ್ದಿಗೆ ತಿರುಗಲಿಲ್ಲ.

"ಎಷ್ಟು ದಿನ ಅಂತ ಹಸಿದಿರ್ತಾವೆ," ಅಂದರು. "ಅವೇನ್ ಮಾಡಿದ್ವು ಪಾಪ."

ನೀರಿನ ಕ್ಯಾನನ್ನು ನಾನೇ ತುಂಬಿ ತಂದುಕೊಟ್ಟೆ.

ಹತ್ತು ದಿನಕ್ಕೆ ಹೊಸ ಎಲೆಗಳು ಹಸಿರಾಗಿ ಬಂದವು. ಅವರು ನಿವೃತ್ತರಾದ ದಿನ, ಹಾರ ಹಾಕಿ, ಟೀ ಕುಡಿದು, ಮೇಡಂ ಎರಡು ಮಾತಾಡಿದ ಮೇಲೆ, ಶೆಡ್ಡಿನ ಬೀಗದ ಕೈಯನ್ನು ನನಗೆ ಕೊಟ್ಟು ಕೊನೆಯ ಸಲ ಸಾಲುಗಳ ನಡುವೆ ನಡೆದುಹೋದರು. ಮೂಲೆಯ ಜೋಳ ಉಳಿದವುಗಳ ಎತ್ತರಕ್ಕೆ ಬಂದಿತ್ತು. ಹದಿನಾರು ಯಾವುದು, ಹದಿನೇಳು ಯಾವುದು ಎಂದು ಹೊರಗಿನವರಿಗೆ ಹೇಳಲಾಗುತ್ತಿರಲಿಲ್ಲ. ಅವರು ಮರದ ಚೂರನ್ನು ಕಿತ್ತು, ಮಣ್ಣು ಒರೆಸಿ, ಜೇಬಿಗೆ ಹಾಕಿಕೊಂಡು ಗೇಟಿನ ಕಡೆ ನಡೆದರು.